ಸವಳು ನೆಲದ ಅತಿಥಿ

ನಮ್ಮ ಕಡೆ ಹೊಲಕ್ಕೆ ಹುಳ ಬಿದ್ದರೆ ಎಣ್ಣೆ ಹೊಡೆಯುತ್ತಾರೆ, ಮಳೆ ಕೈಕೊಟ್ಟರೆ ಮುಗಿಲಿಗೆ ಬಯ್ಯುತ್ತಾರೆ. ಸವಳು ಬಿದ್ದರೆ ಮಾತ್ರ ಯಾರೂ ಏನೂ ಅನ್ನುವುದಿಲ್ಲ. ನಾನು ಸಿಂಧನೂರು ಕಡೆಯವನು. ತುಂಗಭದ್ರಾ ಎಡದಂಡೆ ಕಾಲುವೆ ಬಂದಮೇಲೆ ನಮ್ಮಲ್ಲಿ ಜೋಳ ಹಿಂದೆ ಸರಿದು ಭತ್ತ ಬಂತು. ಗದ್ದೆಯಲ್ಲಿ ಸದಾ ನಿಂತ ನೀರು. ತಗ್ಗಿನಲ್ಲಿದ್ದ ನಮ್ಮ ನಾಲ್ಕು ಎಕರೆಗೆ ಆ ನೀರು ಬಸಿದು ಹೋಗುವ ದಾರಿ ಇರಲಿಲ್ಲ. ನೆಲದೊಳಗಿನ ಉಪ್ಪು ನೀರಿನ ಜೊತೆ ಮೇಲೇರಿತು, ನೀರು ಬಿಸಿಲಿಗೆ ಆರಿತು, ಉಪ್ಪು ಅಲ್ಲೇ ಕೂತಿತು. ಬೇಸಿಗೆಯಲ್ಲಿ ಆ ಹೊಲ ಸುಣ್ಣ ಬಳಿದ ಹಾಗೆ ಕಾಣುತ್ತಿತ್ತು. ಬದುವಿನ ಮೇಲೆ ನಡೆಯುವಾಗ ಅಪ್ಪ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಹೀಗಾಗಿ 2016ರ ಅಕ್ಟೋಬರಿನಲ್ಲಿ ಆಫ್ರಿಕಾದ ಬೋಟ್ಸ್ವಾನಾದಲ್ಲಿ ಸುವಾ ಪ್ಯಾನ್ ಎಂಬ ಉಪ್ಪಿನ ಬಯಲಿನ ಅಂಚಿಗೆ ಕಾರು ನಿಲ್ಲಿಸಿ ಇಳಿದಾಗ ನನಗೆ ಮೊದಲು ಆದದ್ದು ಸಂಕಟ. ಕಣ್ಣು ಹಾಯುವಷ್ಟು ದೂರ ಸವಳು. ಬದುವಿಲ್ಲ, ಮರವಿಲ್ಲ, ಆಚೆ ದಡವೂ ಇಲ್ಲ.

ಫ್ರಾನ್ಸಿಸ್‌ಟೌನಿನ ಒಂದು ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಹೋಗಿ ಆಗ ಕೆಲವೇ ತಿಂಗಳಾಗಿತ್ತು. ಅಲ್ಲಿಂದ ನಾಟಾ ಎಂಬ ಊರಿಗೆ 190 ಕಿಲೋಮೀಟರ್. ಆ ಊರು ಇನ್ನೂ ಸ್ವಲ್ಪ ದೂರ ಇರುವಾಗಲೇ ಎಡಗಡೆ ಒಂದು ಪಕ್ಷಿಧಾಮ ಸಿಗುತ್ತದೆ, ಸುತ್ತಲಿನ ಹಳ್ಳಿಯವರೇ ನಡೆಸುವಂಥದ್ದು. ಅದರ ಗೇಟು ದಾಟಿ, ಹುಲ್ಲುಗಾವಲಿನಲ್ಲಿ ಸ್ವಲ್ಪ ಹೊತ್ತು ಹೋದರೆ ಹುಲ್ಲು ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಬಿಳುಪು. ಸುವಾ ಎಂದರೆ ಆ ನಾಡಿನ ಮೂಲ ನಿವಾಸಿಗಳಾದ ಸಾನ್ ಜನರ ಮಾತಿನಲ್ಲಿ ಉಪ್ಪು ಎಂದೇ ಅರ್ಥ. ಇದಕ್ಕೆ ಪಶ್ಚಿಮದಲ್ಲಿ ನ್ಟ್ವೆಟ್ವೆ ಎಂಬ ಇನ್ನೊಂದು ಪ್ಯಾನ್. ಇವೂ ಅಕ್ಕಪಕ್ಕದ ಚಿಕ್ಕಪುಟ್ಟವೂ ಸೇರಿದ ಪ್ರದೇಶವೇ ಮಕ್ಗಾಡಿಕ್ಗಾಡಿ. ನಕ್ಷೆಯಲ್ಲಿ ಹಾಗೆ ಬರೆದಿರುತ್ತದೆ, ಅಲ್ಲಿನವರು ಗಂಟಲಾಳದಿಂದ ಹೇಳಿದಾಗ ‘ಮಖಾಡಿಖಾಡಿ’ ಎಂದು ಕೇಳಿಸುತ್ತದೆ. ನನಗೆ ಆ ಉಚ್ಚಾರವೇ ಪ್ರೀತಿ.

ಒಂದು ಕಾಲಕ್ಕೆ ಇದೆಲ್ಲ ಸರೋವರದ ತಳ. ಅದು ತುಂಬಿ ನಿಂತಿದ್ದಾಗ 60,000 ಚದರ ಕಿಲೋಮೀಟರಿಗೂ ಹೆಚ್ಚು ಹರವಿತ್ತು ಎನ್ನುತ್ತಾರೆ ಭೂವಿಜ್ಞಾನಿಗಳು. ಒಕವಾಂಗೊ, ಜಾಂಬೆಜಿಯಂಥ ನದಿಗಳು ಅದಕ್ಕೆ ನೀರು ತಂದು ಸುರಿಯುತ್ತಿದ್ದವು. ಆಮೇಲೆ ನೆಲ ಮೆಲ್ಲಗೆ ಎದ್ದು ಬಾಗಿ ಜಾಂಬೆಜಿ ಹಿಂದೂ ಮಹಾಸಾಗರದ ಕಡೆ ತಿರುಗಿತು, ಹವೆಯೂ ಒಣಗಿತು. ಬಂದ ನೀರಿಗೆ ಸಮುದ್ರ ಸೇರುವ ದಾರಿ ಇಲ್ಲ, ಹೋಗುವುದಿದ್ದರೆ ಮುಗಿಲಿಗೇ ಹೋಗಬೇಕು. ಹಾಗೆ ಹೋಗುವಾಗ ಉಪ್ಪನ್ನು ಬಿಟ್ಟು ಹೋಗುತ್ತದೆ. ನಮ್ಮ ನಾಲ್ಕು ಎಕರೆಯಲ್ಲಿ ಇಪ್ಪತ್ತು ವರ್ಷದಲ್ಲಿ ಆದದ್ದೇ ಇಲ್ಲಿ ಸಾವಿರಾರು ವರ್ಷ ನಡೆದಿದೆ.

ಅಕ್ಟೋಬರ್ ಅಲ್ಲಿ ಅತಿ ಕೆಟ್ಟ ತಿಂಗಳು. ಸೆಕೆ ನಲವತ್ತು ಡಿಗ್ರಿ ಮುಟ್ಟುತ್ತದೆ, ಮಳೆಯ ಸುಳಿವಿಲ್ಲ. ನಾನು ಹೋದ ವರ್ಷವಂತೂ ಎಲ್ ನಿನ್ಯೊದಿಂದ ದಕ್ಷಿಣ ಆಫ್ರಿಕಾದ ನಾಡುಗಳೆಲ್ಲ ಬರಕ್ಕೆ ಸಿಕ್ಕು ಬೆಂದಿದ್ದವು. ಪ್ಯಾನಿನ ಮೇಲೆ ನಾಲ್ಕು ಹೆಜ್ಜೆ ಇಟ್ಟೆ. ಮೇಲಿನ ಪದರ ಹಪ್ಪಳದ ಹಾಗೆ ಮುರಿಯಿತು. ಅದರ ಕೆಳಗೆ, ಆ ಬಿಸಿಲಿನಲ್ಲೂ, ಬೂದು ಬಣ್ಣದ ಹಸಿ ಜೇಡಿ. ಬೂಟು ಕೀಳುವಾಗ ಒಳಗಿನಿಂದ ಯಾರೋ ಹಿಡಿದೆಳೆದಂತಾಯಿತು. ಈ ಹಪ್ಪಳವನ್ನು ನಂಬಿ ಜೀಪು ಇಳಿಸಿದವರು ಅಚ್ಚಿನವರೆಗೆ ಹೂತು ದಿನಗಟ್ಟಲೆ ಕೂತದ್ದುಂಟು. ಕೂತು ನೋಡಿದೆ. ಪದರ ಬಿರಿದು ಐದು ಮೂಲೆ, ಆರು ಮೂಲೆಯ ಬಿಲ್ಲೆಗಳಾಗಿದೆ. ಪ್ರತಿ ಬಿಲ್ಲೆಯ ಅಂಚು ಆರಿದ ರೊಟ್ಟಿಯಂತೆ ಮೇಲಕ್ಕೆ ಸುರುಳಿ ಎದ್ದಿದೆ. ಒಂದು ಬಿರುಕಿನಲ್ಲಿ ತಿಳಿ ಗುಲಾಬಿ ಬಣ್ಣದ ಗರಿ ಸಿಕ್ಕಿಕೊಂಡಿತ್ತು, ಅರ್ಧ ಉಪ್ಪಿನಲ್ಲಿ ಹೂತು. ಅದರ ಪಕ್ಕದಲ್ಲೇ ನರಿಯ ಹೆಜ್ಜೆ, ಯಾವುದೋ ಹಸಿ ದಿನದಲ್ಲಿ ಮೂಡಿ ಗಟ್ಟಿಯಾದದ್ದು. ದೂರದ ಬಿಸಿಲ್ಗುದುರೆಯಲ್ಲಿ ಎರಡು ಉಷ್ಟ್ರಪಕ್ಷಿಗಳು, ಕಾಲೇ ಇಲ್ಲದೆ ತೇಲುತ್ತಿರುವಂತೆ ಕಂಡವು.

ಗೇಟಿನಲ್ಲಿದ್ದ ನಡುವಯಸ್ಸಿನ ಮನುಷ್ಯ ನನ್ನ ಮುಖ ನೋಡಿ, “ನೀರು ಬಂದಾಗ ಬನ್ನಿ, ರ್ರಾ,” ಎಂದ. ರ್ರಾ ಎಂದರೆ ಅಲ್ಲಿಯ ಸೆತ್ಸ್ವಾನಾ ಭಾಷೆಯಲ್ಲಿ ನಮ್ಮ ‘ರೀ, ಯಜಮಾನ್ರೇ’ ಇದ್ದ ಹಾಗೆ.

“ಯಾವಾಗ ಬರುತ್ತದೆ?”

“ಅದು ನೀರನ್ನೇ ಕೇಳಬೇಕು.”

ನಮ್ಮಲ್ಲಿ ಮಳೆಗೆ ಹೆಸರುಂಟು. ರೋಹಿಣಿ, ಮಿರಗ, ಆರಿದ್ರಾ. ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನದ ಪಾಳಿ. ಬರಲಿ ಬಿಡಲಿ, ಬರಬೇಕಾದ ದಿನ ಪಂಚಾಂಗದಲ್ಲಿ ಇರುತ್ತದೆ. ಬೋಟ್ಸ್ವಾನಾದಲ್ಲಿ ಮಳೆಗೆ ಇರುವ ಹೆಸರು ಪುಲಾ. ಅವರ ದುಡ್ಡಿನ ಹೆಸರೂ ಪುಲಾ, ದೇಶದ ಲಾಂಛನದ ಕೆಳಗೆ ಬರೆದದ್ದೂ ಪುಲಾ, ಸಭೆಯಲ್ಲಿ ಭಾಷಣ ಮುಗಿದಾಗ ಜನ ಒಟ್ಟಾಗಿ ಕೂಗುವುದೂ ಪುಲಾ. ತಿಂಗಳ ಸಂಬಳ ಎಣಿಸುವಾಗ ಮಳೆಯನ್ನೇ ಎಣಿಸುತ್ತಿದ್ದೇನೆ ಎನಿಸಿ ಮೈ ಜುಮ್ಮೆನ್ನುತ್ತಿತ್ತು. ಅಲ್ಲಿ ನವೆಂಬರಿನಿಂದ ಮಾರ್ಚಿನವರೆಗೆ ಮಳೆಗಾಲ ಎನ್ನುತ್ತಾರೆ. ಆದರೆ ಯಾವ ವಾರ, ಯಾವ ಮೂಲೆಯಲ್ಲಿ, ಎಷ್ಟು ಎಂಬುದಕ್ಕೆ ಲೆಕ್ಕವಿಲ್ಲ. ತಿಥಿ ಹೇಳದೆ ಬರುವವನು ಅತಿಥಿ ಎಂದು ಶಾಲೆಯಲ್ಲಿ ಪಂಡಿತರು ಬಿಡಿಸಿ ಹೇಳಿದ್ದರು. ಆ ಮಾತು ಮನುಷ್ಯರಿಗಿಂತ ಈ ನೀರಿಗೆ ಚೆನ್ನಾಗಿ ಹೊಂದುತ್ತದೆ.

ಆ ದಿನ ಹೊರಡುವಾಗ ಪಕ್ಷಿಧಾಮದ ಹೊರಗೆ, ರಸ್ತೆ ಬದಿಯ ಒಣಗುಂಡಿಯಿಂದ ಒಂದು ಹಿಡಿ ಮಣ್ಣು ಎತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡೆ. ಯಾಕೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಅಪ್ಪನಿಗೆ ತೋರಿಸಬೇಕು ಎಂದಿರಬಹುದು. ಡಿಸೆಂಬರಿನಲ್ಲಿ ಫ್ರಾನ್ಸಿಸ್‌ಟೌನಿಗೆ ಮೊದಲ ಜೋರು ಮಳೆ ಬಿದ್ದ ಸಂಜೆ ಬಾಲ್ಕನಿಯಲ್ಲಿದ್ದ ಬಟ್ಟೆ ಒಗೆಯುವ ಟಬ್ಬು ತುಂಬಿತು. ಆ ಮಣ್ಣನ್ನು ಅದಕ್ಕೆ ಸುರಿದೆ. ನೀರು ರಾಡಿಯಾಯಿತು, ಎರಡು ದಿನಕ್ಕೆ ತಿಳಿಯಾಯಿತು. ಮೂರನೆಯ ದಿನ ಬೆಳಿಗ್ಗೆ ಹಲ್ಲುಜ್ಜುತ್ತ ನಿಂತಿದ್ದಾಗ ನೀರಿನಲ್ಲಿ ಏನೋ ಮಿಸುಕಿದಂತೆ ಕಂಡಿತು. ಧೂಳಿನ ಕಣದಷ್ಟು ದೊಡ್ಡದು, ಆದರೆ ಧೂಳು ಹಾಗೆ ಕುಪ್ಪಳಿಸುವುದಿಲ್ಲ.

ಒಂದೂವರೆ ವಾರದಲ್ಲಿ ಅವು ಅಕ್ಕಿ ಕಾಳಿನಷ್ಟಾದವು. ಮೈಯಾಚೆಗೆ ಬೆಳಕು ಕಾಣುವಷ್ಟು ತೆಳು. ಅಂಗಾತ ಮಲಗಿ, ಕಾಲುಗಳನ್ನು ಮೇಲೆ ಮಾಡಿ, ಅವನ್ನು ಒಂದರ ಹಿಂದೆ ಒಂದು ಅಲೆಯಂತೆ ಬಡಿಯುತ್ತ ಈಜುತ್ತಿದ್ದವು. ಫೇರಿ ಶ್ರಿಂಪ್ ಎನ್ನುವ ಸಿಗಡಿ ಬಳಗದ ಜೀವಿ. ಇವುಗಳ ಮೊಟ್ಟೆ ಒಣ ಕೆಸರಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ. ಸುಡುವ ಬಿಸಿಲು ತಡೆಯುತ್ತದೆ, ಗಾಳಿಯಲ್ಲಿ ಹಾರಿ ಇನ್ನೊಂದು ಗುಂಡಿಗೂ ಹೋಗುತ್ತದೆ. ನೀರು ಸಿಕ್ಕಿತೋ, ಒಡೆದು, ಬೆಳೆದು, ಕೂಡಿ, ಮೊಟ್ಟೆಯಿಟ್ಟು, ನೀರು ಆರುವುದರೊಳಗೆ ಬದುಕು ಮುಗಿಸುತ್ತದೆ. ಒಂದು ಸಲ ನೀರು ಬಿದ್ದ ಕೂಡಲೇ ಎಲ್ಲ ಮೊಟ್ಟೆಯೂ ಒಡೆಯುವುದಿಲ್ಲ, ಕೆಲವು ಮುಂದಿನ ಮಳೆಗೆಂದು ಉಳಿಯುತ್ತವೆ. ನಮ್ಮ ಮನೆಗಳಲ್ಲಿ ಇರುವ ಬೀಜವನ್ನೆಲ್ಲ ಒಂದೇ ಬಿತ್ತನೆಗೆ ಚೆಲ್ಲದೆ ಮಡಕೆಯಲ್ಲಿ ಸ್ವಲ್ಪ ಎತ್ತಿಡುತ್ತಿದ್ದರಲ್ಲ, ಹಾಗೆ. ಸವಳು ಎಂದರೆ ಸತ್ತ ನೆಲ ಎಂದು ಹುಟ್ಟಿನಿಂದ ನಂಬಿದ್ದವನು ನಾನು. ಆ ಬೆಳಿಗ್ಗೆ ಕೆಲಸಕ್ಕೆ ಹೋಗಲು ತಡವಾಯಿತು.

ಅದೇ ಮಳೆಯಲ್ಲಿ ಕಪ್ಪೆಗಳೂ ಎದ್ದಿದ್ದವು. ಆಫ್ರಿಕನ್ ಬುಲ್‌ಫ್ರಾಗ್ ಗಂಡು ಒಂದು ಕಿಲೋ ತೂಗುತ್ತದೆ. ಒಣಗಾಲವೆಲ್ಲ ನೆಲದೊಳಗೆ ಹೂತು, ತನ್ನದೇ ಚರ್ಮದ ಪೊರೆಯನ್ನು ಸುತ್ತಿಕೊಂಡು ಮಲಗಿರುತ್ತದೆ. ನಾಟಾ ರಸ್ತೆಯ ಬದಿಯ ಒಂದು ಗುಂಡಿಯ ಹತ್ತಿರ ನಾನು ಕಂಡ ಕಪ್ಪೆ ಹಿಮ್ಮುಖವಾಗಿ, ಹಿಂಗಾಲಿನಿಂದ ಕೆಸರು ಒತ್ತುತ್ತ ಹೋಗುತ್ತಿತ್ತು. ಮೊದಲು ಅರ್ಥವಾಗಲಿಲ್ಲ. ಅದರ ಗೊದಮೊಟ್ಟೆಗಳಿದ್ದ ಗುಂಡಿ ಆರುತ್ತ ಬಂದಿತ್ತು. ಪಕ್ಕದ ದೊಡ್ಡ ಗುಂಡಿಯಿಂದ ಅದು ಕಾಲುವೆ ತೋಡುತ್ತಿತ್ತು. ಹಾರೆಯಿಲ್ಲ, ಸಲಿಕೆಯಿಲ್ಲ, ಕಾಲುವೆ ಮಾತ್ರ ನೇರ. ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, “ನಮ್ಮ ನೀರುಗಂಟಿಗಿಂತ ಚಲೋ ಐತಲ್ಲಪಾ,” ಎಂದರು.

2017ರ ಫೆಬ್ರವರಿಯಲ್ಲಿ ಮೊಜಾಂಬಿಕ್ ಕರಾವಳಿಗೆ ಡಿನಿಯೊ ಎಂಬ ಚಂಡಮಾರುತ ಅಪ್ಪಳಿಸಿತು. ಅದರ ಉಳಿದ ಮೋಡಗಳು ಬೋಟ್ಸ್ವಾನಾದವರೆಗೆ ಬಂದು ಸುರಿದವು. ರಸ್ತೆಗಳು ಮುರಿದವು, ಊರುಗಳಿಗೆ ನೀರು ನುಗ್ಗಿ ಜನ ಕಷ್ಟಪಟ್ಟರು. ಜಿಂಬಾಬ್ವೆಯಲ್ಲಿ ಹುಟ್ಟಿ ಬರುವ ನಾಟಾ ನದಿ ತುಂಬಿ ಹರಿದು ಸುವಾದೊಳಗೆ ಬಿಚ್ಚಿಕೊಂಡಿತು. ದಾರಿ ಸರಿಯಾಗಿ ನಾನು ಮತ್ತೆ ಹೋದದ್ದು ಏಪ್ರಿಲಿನಲ್ಲಿ.

ಅಕ್ಟೋಬರಿನಲ್ಲಿ ನಿಂತಿದ್ದ ಜಾಗವೇ ಸಿಗಲಿಲ್ಲ. ಅಲ್ಲಿ ಅಲೆಗಳಿದ್ದವು. ನೀರಿನ ಆಳ ಬಹಳ ಕಡೆ ಮೊಣಕಾಲಿಗೂ ಬರುವುದಿಲ್ಲವಂತೆ, ಆದರೆ ದಿಗಂತದವರೆಗೆ ಅದೇ. ನೀರು ಅಷ್ಟು ತೆಳುವಾದ್ದರಿಂದ ಗಾಳಿ ಬೀಸಿದ ಕಡೆ ಸರಿಯುತ್ತದೆ. ಬೆಳಿಗ್ಗೆ ಇದ್ದ ದಡ ಮಧ್ಯಾಹ್ನಕ್ಕೆ ಇನ್ನೆಲ್ಲೋ. ಆ ನೀರಿನ ಮೇಲೆ ಗುಲಾಬಿ ಗೆರೆ. ದುರ್ಬೀನಿನಲ್ಲಿ ನೋಡಿದರೆ ಗೆರೆ ಬಿಡಿಬಿಡಿಯಾಗಿ ಸಾವಿರ ಕತ್ತುಗಳಾಯಿತು. ಫ್ಲೆಮಿಂಗೊ. ನಮ್ಮಲ್ಲಿ ರಾಜಹಂಸ ಎನ್ನುತ್ತಾರೆ.

ಎರಡು ಜಾತಿ ಕೂಡಿ ಬರುತ್ತವೆ. ದೊಡ್ಡ ಫ್ಲೆಮಿಂಗೊಗೆ ಸಿಗಡಿಯಂಥ ಸಣ್ಣ ಜೀವಿಗಳು ಬೇಕು, ಅಂದರೆ ನನ್ನ ಟಬ್ಬಿನಲ್ಲಿದ್ದಂಥವು. ಕಿರಿಯ ಫ್ಲೆಮಿಂಗೊ ಉಪ್ಪು ನೀರಿನಲ್ಲಿ ಬೆಳೆಯುವ ನೀಲಿಹಸಿರು ಪಾಚಿಯನ್ನು ಸೋಸಿ ತಿನ್ನುತ್ತದೆ. ಕೊಕ್ಕನ್ನು ತಲೆಕೆಳಗಾಗಿ ನೀರಿಗಿಟ್ಟು, ನಾಲಿಗೆಯನ್ನು ಪಂಪಿನಂತೆ ಆಡಿಸಿ, ಕೊಕ್ಕಿನ ಅಂಚಿನ ಜರಡಿಯಲ್ಲಿ ಊಟ ಹಿಡಿಯುತ್ತದೆ. ಬಣ್ಣವೂ ಆ ಊಟದ್ದೇ. ಹೆಚ್ಚಾದ ಉಪ್ಪನ್ನು ಕಣ್ಣಿನ ಮೇಲಿನ ಗ್ರಂಥಿಗಳು ಮೂಗಿನ ಹಾದಿಯಿಂದ ಹೊರಗೆ ಹಾಕುತ್ತವೆ. ನಮ್ಮ ಹೊಲವನ್ನು ಕೊಂದ ಉಪ್ಪನ್ನು ಈ ಹಕ್ಕಿ ಮೂಗಿನಿಂದ ಸೀನಿ ಬಿಡುತ್ತದೆ ಎಂದು ತಿಳಿದಾಗ ನನಗೆ ಸಿಟ್ಟೋ ಸಂತೋಷವೋ ಗೊತ್ತಾಗಲಿಲ್ಲ.

ಒಳ್ಳೆಯ ಮಳೆಯಾದ ವರ್ಷಗಳಲ್ಲಿ ಅವು ಸುವಾದ ದಕ್ಷಿಣ ಭಾಗದಲ್ಲಿ, ದಡದಿಂದ ಬಹಳ ದೂರ, ಕೆಸರಿನ ಗೋಪುರ ಕಟ್ಟಿ ಒಂದೊಂದೇ ಮೊಟ್ಟೆ ಇಡುತ್ತವೆ. ಸುತ್ತ ನೀರಿರುವವರೆಗೆ ನರಿಗೂ ಕತ್ತೆಕಿರುಬಕ್ಕೂ ಅಲ್ಲಿಗೆ ದಾರಿಯಿಲ್ಲ. ಅಲ್ಲಿಗೆ ನಾನು ಹೋಗಲಿಲ್ಲ, ಹೋಗಲೂಬಾರದು. ವಿಮಾನ ಕೆಳಗಿಳಿದು ಹಾರಿದರೆ, ನಾಲ್ಕು ಗಾಲಿಯ ಬೈಕು ಹತ್ತಿರ ಸುಳಿದರೆ ಸಾವಿರಾರು ಹಕ್ಕಿಗಳು ಗೂಡು ಬಿಟ್ಟು ಏಳುತ್ತವೆ, ಮತ್ತೆ ಬಾರದೆಯೂ ಇರುತ್ತವೆ. ಒಂದು ಫೋಟೋಗೋಸ್ಕರ ಒಂದು ವರ್ಷದ ಮರಿಗಳು ಹೋಗುವುದನ್ನು ನಾನು ಒಪ್ಪಲಾರೆ.

ಮರಿ ಹಾರುವುದಕ್ಕೆ ಎರಡೂವರೆ ಮೂರು ತಿಂಗಳು ಬೇಕು. ಅಷ್ಟರಲ್ಲಿ ಅತಿಥಿ ಎದ್ದು ಹೊರಟರೆ? ಆಗ ಬೂದು ಬಣ್ಣದ ಮರಿಗಳು ಗುಂಪುಗಟ್ಟಿ, ಕೆಲವೇ ದೊಡ್ಡ ಹಕ್ಕಿಗಳ ಕಾವಲಿನಲ್ಲಿ, ನೀರು ಸರಿದ ಕಡೆ ಹತ್ತಾರು ಕಿಲೋಮೀಟರ್ ನಡೆಯುತ್ತವೆ. ಗಟ್ಟಿಯಾಗುತ್ತಿರುವ ಉಪ್ಪು ಕಾಲಿಗೆ ಕಡಗದ ಹಾಗೆ ಕಟ್ಟಿಕೊಳ್ಳುವುದೂ ಉಂಟು. ಕೆನ್ಯಾದ ಮಗಾಡಿ ಸರೋವರದಲ್ಲಿ 1962ರಲ್ಲಿ ಹೀಗಾದಾಗ ಜನ ನೀರಿಗಿಳಿದು ಮರಿಗಳನ್ನು ಹಿಡಿದು, ಸುತ್ತಿಗೆಯಿಂದ ಆ ಕಡಗಗಳನ್ನು ಒಡೆದು ಬಿಡಿಸಿದ್ದರು. ಪೆನ್ಸಿಲಿನಷ್ಟು ಸಪೂರ ಕಾಲಿನ ಮೇಲೆ ಸುತ್ತಿಗೆ ಬೀಳಬೇಕು, ಉಪ್ಪು ಮಾತ್ರ ಒಡೆಯಬೇಕು. ಆ ಕೈಗಳನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ.

ಪ್ಯಾನಿನ ಉಪ್ಪಿನಿಂದ ದುಡ್ಡೂ ಬರುತ್ತದೆ. 1991ರಿಂದ ಸುವಾದ ಒಂದು ಅಂಚಿನಲ್ಲಿ ಉಪ್ಪು ನೀರನ್ನು ಕೊಳವೆಬಾವಿಯಿಂದ ಎತ್ತಿ, ಬಿಸಿಲಿಗಾರಿಸಿ ಸೋಡಾ ಆಶ್ ತೆಗೆಯುತ್ತಾರೆ. ಗಾಜಿಗೂ ಸಾಬೂನಿನ ಪುಡಿಗೂ ಅದು ಬೇಕು.

ಈಗ ಜೀಬ್ರಾಗಳ ವಿಷಯ. ಇದನ್ನು ಹೇಳಲಿಕ್ಕೆಂದೇ ಬರೆಯಲು ಕೂತದ್ದು.

ಪ್ಯಾನುಗಳ ಪಶ್ಚಿಮಕ್ಕೆ ಬೊಟೇಟಿ ಎಂಬ ನದಿ. ಒಕವಾಂಗೊದ ಜೌಗಿನಿಂದ ಹೊರಬೀಳುವ ನೀರು ಅದು. ಅಂಗೋಲಾದ ಬೆಟ್ಟಗಳಲ್ಲಿ ಬೇಸಿಗೆಯಲ್ಲಿ ಬಿದ್ದ ಮಳೆ ಜೊಂಡಿನ ನಡುವೆ ತೆವಳುತ್ತ ತೆವಳುತ್ತ ಇಲ್ಲಿ ಮುಟ್ಟುವ ಹೊತ್ತಿಗೆ ಚಳಿಗಾಲ, ಅಲ್ಲಿ ಅದು ಜೂನ್ ಜುಲೈ. ಅಂದರೆ ಸುತ್ತಲ ನೆಲ ಒಣಗಿದಾಗ ಈ ಹೊಳೆಗೆ ನೀರು. ಅದೂ ಖಾತ್ರಿಯಲ್ಲ, 1990ರ ದಶಕದಿಂದ ಹದಿನೈದಕ್ಕೂ ಹೆಚ್ಚು ವರ್ಷ ಬೊಟೇಟಿ ಒಣಗಿಯೇ ಇತ್ತು, 2009ರ ಹೊತ್ತಿಗೆ ಮತ್ತೆ ಹರಿಯಿತು. 2017ರ ಆಗಸ್ಟಿನಲ್ಲಿ ಖುಮಾಗಾ ಎಂಬಲ್ಲಿ ಒಂದು ಸಣ್ಣ ತೇಲುಹಲಗೆಯ ಮೇಲೆ ಗಾಡಿ ಏರಿಸಿ ನದಿ ದಾಟಿದೆವು. ಸಂಜೆ ಮುಂದಾಗಿತ್ತು. ಪೂರ್ವದ ಕಡೆಯಿಂದ ಧೂಳು ಏಳುತ್ತಿತ್ತು.

ಮೊದಲು ಧೂಳು, ಆಮೇಲೆ ಸದ್ದು. ಜೀಬ್ರಾ ಕುದುರೆಯಂತೆ ಕೆನೆಯುವುದಿಲ್ಲ, ನಾಯಿ ಬೊಗಳಿದಂತೆ ‘ಕ್ವಾ ಹಾ, ಕ್ವಾ ಹಾ’ ಎನ್ನುತ್ತದೆ. ಒಣಗಾಲದಲ್ಲಿ ಹೊಳೆಯ ಹತ್ತಿರದ ಹುಲ್ಲು ಬೇಗ ಮುಗಿಯುವುದರಿಂದ ಅವು ಇಪ್ಪತ್ತು ಮೂವತ್ತು ಕಿಲೋಮೀಟರ್ ದೂರ ಮೇಯಲು ಹೋಗಿ, ಕೆಲವು ದಿನಕ್ಕೊಮ್ಮೆ ನೀರಿಗೆ ಬರುತ್ತವೆ. ದಡದ ಇಳಿಜಾರಿನಲ್ಲಿ ಇಳಿದವು. ಮುಂದಿನ ಸಾಲು ಮೊಣಕಾಲೂರಿದಂತೆ ಬಗ್ಗಿತು, ಹಿಂದಿನದು ಅವುಗಳ ಬೆನ್ನಿನ ಮೇಲೆ ಗದ್ದವಿಟ್ಟು ಕಾದಿತು. ಒಂದು ಹೆಣ್ಣು ಕುಡಿಯುವ ಮೊದಲು ತನ್ನ ಮರಿಯನ್ನು ಎದೆಯಿಂದ ತಳ್ಳಿ ಒಳಬದಿಗೆ ಸರಿಸಿತು. ಮರಿಯ ಪಟ್ಟೆ ಇನ್ನೂ ಕಂದು, ಬಾಯಿಂದ ತೊಟ್ಟಿಕ್ಕಿದ ನೀರು ಧೂಳಿನಲ್ಲಿ ಸಣ್ಣ ಗುಳಿ ಮಾಡುತ್ತಿತ್ತು.

ನವೆಂಬರಿನಲ್ಲಿ ಮೊದಲ ಮೋಡ ಕಟ್ಟಿತೆಂದರೆ ಇವೆಲ್ಲ ಹೊಳೆಗೆ ಬೆನ್ನು ಹಾಕಿ ಪ್ಯಾನುಗಳ ಅಂಚಿನ ಹುಲ್ಲಿಗೆ ಹೊರಡುತ್ತವೆ. ಅಲ್ಲಿಯ ಹುಲ್ಲು ಗಿಡ್ಡ, ಆದರೆ ಕಸುವುಳ್ಳದ್ದು. ಒಕವಾಂಗೊದಲ್ಲಿರುವ ಕೆಲವು ಜೀಬ್ರಾಗಳು ಕೂಡ ವರ್ಷಪೂರ್ತಿ ನೀರಿರುವ ಆ ಜಾಗ ಬಿಟ್ಟು ಈ ಹುಲ್ಲಿಗೆ ಬರುತ್ತವೆ, ಹೋಗಿ ಬರುವ ದಾರಿ 500 ಕಿಲೋಮೀಟರಿಗೂ ಹೆಚ್ಚು. ಆ ದಾರಿಗೆ 1968ರಲ್ಲಿ ಬೇಲಿ ಬಿತ್ತು. ಕಾಡೆಮ್ಮೆಗಳಿಂದ ದನಗಳಿಗೆ ಕಾಲುಬಾಯಿ ಬೇನೆ ಹರಡದಿರಲಿ ಎಂದು ಪಶುವೈದ್ಯ ಇಲಾಖೆ ಇಂಥ ಬೇಲಿಗಳನ್ನು ದೇಶದುದ್ದಕ್ಕೂ ಹಾಕಿತ್ತು, ಯುರೋಪಿಗೆ ಮಾಂಸ ಮಾರಬೇಕಾದರೆ ಅದು ಬೇಕಿತ್ತು. ಆ ಬೇನೆ ಬಂದ ಎತ್ತಿನ ನಾಲಿಗೆಯನ್ನು ನಾನು ನೋಡಿದ್ದೇನೆ, ಆದ್ದರಿಂದ ಬೇಲಿ ಹಾಕಿದವರನ್ನು ಸುಮ್ಮನೆ ಬಯ್ಯಲಾರೆ. ಆದರೆ ಬೆಲೆ ತೆತ್ತವರು ಬೇರೆ. 1980ರ ದಶಕದ ಬರದಲ್ಲಿ ಕಲಹಾರಿಯ ವೈಲ್ಡಬೀಸ್ಟ್ ಎಂಬ ಹುಲ್ಲೆ ಬಳಗದ ಪ್ರಾಣಿಗಳು ನೀರು ಹುಡುಕಿಕೊಂಡು ಬಂದು, ಇಂಥದೇ ಇನ್ನೊಂದು ಬೇಲಿ ಅಡ್ಡಗಟ್ಟಿದ್ದರಿಂದ ಸಾವಿರ ಸಾವಿರ ಸತ್ತವು.

ಜೀಬ್ರಾಗಳ ದಾರಿಗಿದ್ದ ಬೇಲಿ 2004ರಲ್ಲಿ ಹೋಯಿತು. ಮೂವತ್ತಾರು ವರ್ಷ. ಕಾಡಿನಲ್ಲಿ ಜೀಬ್ರಾ ಇಪ್ಪತ್ತು ವರ್ಷ ಬದುಕಿದರೆ ಹೆಚ್ಚು. ಅಂದರೆ ಆ ದಾರಿ ತುಳಿದಿದ್ದ ಒಂದು ಜೀಬ್ರಾ ಕೂಡ ಉಳಿದಿರಲಿಲ್ಲ, ತುಳಿದವರ ಮಕ್ಕಳೂ ಬಹುತೇಕ ಉಳಿದಿರಲಿಲ್ಲ. ಕೆಲವೇ ವರ್ಷಗಳ ಮೇಲೆ ಸಂಶೋಧಕರು ಒಕವಾಂಗೊದ ಜೀಬ್ರಾಗಳ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ನೋಡುತ್ತಾರೆ, ಮಳೆ ಶುರುವಾದ ಕೂಡಲೇ ಅವು ಹೊರಟು ನೆಟ್ಟಗೆ ಮಖಾಡಿಖಾಡಿಯ ಹುಲ್ಲಿನಲ್ಲಿವೆ.

ಇದನ್ನು ಅಪ್ಪನಿಗೆ ಹೇಳಿದೆ.

“ದಾರಿ ಯಾರ್ ತೋರ್ಸಿದ್ರಪಾ ಅವಕ್ಕ?”

ಮಳೆ ಬಿದ್ದ ಕಡೆ, ಹಸಿರೇಳುವ ಕಡೆ ಹೆಜ್ಜೆ ಹಾಕುತ್ತ ಹೋಗಿರಬೇಕು ಎನ್ನುತ್ತಾರೆ ವಿಜ್ಞಾನಿಗಳು ಎಂದೆ.

“ಹಂಗಾರ ಮಳೀನ ಕರಕೊಂಡ್ ಹೋಗೇತಿ,” ಎಂದರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು, “ಬೇಲಿ ತಗದವ್ರು ಯಾರು? ಪುಣ್ಯಾತ್ಮರು.”

ಮರುವರ್ಷ ಜೂನಿನಲ್ಲಿ, ನೆಲ ಗಟ್ಟಿಯಾದ ಮೇಲೆ, ಲೆಖುಬುಗೆ ಹೋದೆ. ಪ್ಯಾನಿನೊಳಗೆ ಎದ್ದ ಗ್ರಾನೈಟ್ ಕಲ್ಲಿನ ಗುಡ್ಡ, ಒಂದು ಕಾಲದ ದ್ವೀಪ. ಬಂಡೆಗಳ ಮೇಲೆ ಬಿಳಿ ಲೇಪ ಕಲ್ಲಾಗಿ ಕೂತಿದೆ, ಸರೋವರವಿದ್ದಾಗ ಅಲ್ಲಿ ಕೂತ ಹಕ್ಕಿಗಳ ಹಿಕ್ಕೆ ಅದು. ಬಂಡೆಗಳ ನಡುವೆ ಬಾವೊಬಾಬ್ ಮರಗಳು. ಚಿಕ್ಕವನಿದ್ದಾಗ ಸವಣೂರಿನ ಕಲ್ಮಠದಲ್ಲಿ ದೊಡ್ಡ ಹುಣಸೆ ಎಂದು ಕರೆಯುವ ಮರವನ್ನು ತಬ್ಬಲು ನಾವು ಮಕ್ಕಳೆಲ್ಲ ಕೈ ಕೈ ಹಿಡಿದು ನಿಂತದ್ದು ನೆನಪಾಯಿತು. ಅದೂ ಇದೇ ಜಾತಿ, ಆಫ್ರಿಕಾದಿಂದ ಯಾವಾಗಲೋ ಬಂದದ್ದು. ಇಲ್ಲಿ ತೊಗಟೆಗೆ ಅಂಗೈ ಒತ್ತಿದೆ. ಅದೇ ನುಣುಪು, ಆನೆಯ ಚರ್ಮದಂತೆ ಅದೇ ಮಡಿಕೆ. ರಾತ್ರಿ ಚಳಿ ಹಲ್ಲು ಕಟಕಟ ಎನ್ನಿಸುವಷ್ಟಿತ್ತು. ಬೆಳದಿಂಗಳಲ್ಲಿ ಪ್ಯಾನು ನೀರು ನಿಂತಂತೆಯೇ ಹೊಳೆಯುತ್ತಿತ್ತು.

2019ರಲ್ಲಿ ಕೆಲಸ ಬಿಟ್ಟು ಊರಿಗೆ ಹೊರಟೆ. ಸಾಮಾನು ಕಟ್ಟುವಾಗ ಬಾಲ್ಕನಿಯ ಟಬ್ಬು ಕಣ್ಣಿಗೆ ಬಿತ್ತು. ಎರಡು ವರ್ಷದಿಂದ ಅದಕ್ಕೆ ನೀರು ಹಾಕಿರಲಿಲ್ಲ. ತಳದಲ್ಲಿ ಬೂದು ಮಣ್ಣು ಒಣಗಿ ಆರು ಮೂಲೆಯ ಬಿಲ್ಲೆಗಳಾಗಿತ್ತು, ಅಂಚು ಸುರುಳಿ ಎದ್ದಿತ್ತು. ಮನೆ ಸ್ವಚ್ಛ ಮಾಡಲು ಬಂದವಳು ಚೆಲ್ಲಲೇ ಎಂದು ಕೇಳಿದಳು. ಬೇಡ ಎಂದು ಕೆರೆದು ಹಳೆಯ ದಿನಪತ್ರಿಕೆಯಲ್ಲಿ ಕಟ್ಟಿದೆ. ಭಾನುವಾರ ನಾಟಾ ರಸ್ತೆಯಲ್ಲಿ 170 ಕಿಲೋಮೀಟರ್ ಹೋಗಿ, ಅದೇ ಒಣಗುಂಡಿಯನ್ನು ಹುಡುಕಿ, ಪೊಟ್ಟಣ ಬಿಚ್ಚಿ ಮಣ್ಣನ್ನು ಕೈಯಿಂದ ಹರವಿದೆ. ಗೇಟಿನ ಮನುಷ್ಯ ದೂರದಿಂದ ಕೈಯೆತ್ತಿದ. ನಾನೂ ಎತ್ತಿದೆ. ಕಾಗದದ ಮಡಿಕೆಯಲ್ಲಿ ಇನ್ನೂ ಸ್ವಲ್ಪ ಪುಡಿ ಉಳಿದಿತ್ತು, ಅದನ್ನೂ ಕೊಡವಿದೆ.